ರೆಡ್‌ವಿಂಗೋ, ಐಬ್ರೋಡ್ ಥ್ರಷ್ಷೋ?

ನೀವು ಹಾಕಿದ ಹಕ್ಕಿ ಫೋಟೋದಲ್ಲಿ ಹುಬ್ಬಿನ ಬಿಳಿ ಗೆರೆ, ಪಕ್ಕೆಯ ಕೆಂಚು ಬಣ್ಣ ನೋಡಿ ಇದು ಅಪರೂಪದ ಐಬ್ರೋಡ್ ಥ್ರಷ್ ಇರಬಹುದಾ ಅಂತ ಕೇಳಿದ್ದೀರಿ. ಹುಬ್ಬು ಬಿಡಿ, ಅದು ರೆಡ್‌ವಿಂಗ್ ಅನ್ನೋ ಇನ್ನೊಂದು ಥ್ರಷ್ ಹಕ್ಕಿಗೂ ಇದೆ. ಎದೆ ನೋಡಿ. ರೆಡ್‌ವಿಂಗ್‌ಗೆ ಎದೆ ತುಂಬ ಕಪ್ಪು ಗೀಟುಗಳು, ಮಸಿಯಲ್ಲಿ ಕಡ್ಡಿ ಅದ್ದಿ ಎಳೆದ ಹಾಗೆ. ಐಬ್ರೋಡ್‌ಗೆ ಗಂಟಲ ಹತ್ತಿರ ಸ್ವಲ್ಪ ಇದ್ದರೂ ಎದೆ ಮೇಲೆ ಹೀಗಿರಲ್ಲ. ಎದೆಯ ಬದಿಯಿಂದ ಪಕ್ಕೆವರೆಗೆ ಕಿತ್ತಳೆ ಹರಡಿರುತ್ತದೆ, ಹೊಟ್ಟೆ ನಡುವೆ ಬಿಳಿ. ನಿಮ್ಮ ಫೋಟೋದಲ್ಲಿ ಗೀಟುಗಳು ಎದ್ದು ಕಾಣ್ತಿವೆ, ಹಾಗಾಗಿ ನನ್ನ ಓಟು ರೆಡ್‌ವಿಂಗ್‌ಗೆ.

ಕೂಗೊಂದನ್ನೇ ನಂಬಬೇಡಿ. ಹಾರುವಾಗ ಎರಡೂ ತೆಳ್ಳಗೆ ‘ಸೀಈಪ್’ ಅನ್ನುತ್ತವೆ. ಕತ್ತಲಲ್ಲಿ ಅದನ್ನು ಕೇಳಿ ನಾನೂ ಒಮ್ಮೆ ಸುಮ್ನೆ ಕುಣಿದಾಡಿದ್ದೆ! ಹಾರುತ್ತಿರುವ ಫೋಟೋ ಇದ್ದರೆ ಹಾಕಿ. ರೆಕ್ಕೆಯ ಅಡಿ ಇಟ್ಟಿಗೆ ಕೆಂಪಾಗಿದ್ದರೆ ರೆಡ್‌ವಿಂಗೇ, ಬೂದು ಆಗಿದ್ದರೆ ನನ್ನ ಮಾತು ವಾಪಸ್.