ಹಣ, ಬಿಡುವು ಎರಡೂ ಇದ್ದರೆ ಸುಖ ಕೊನೆತನಕ ಉಳಿಯುತ್ತದೆಯೇ?

ಸಾಲದ ಭಯ, ಆಸ್ಪತ್ರೆ ಖರ್ಚಿನ ಚಿಂತೆ ನೀಗುವವರೆಗೆ ಹಣ ಖಂಡಿತ ನೆಮ್ಮದಿ ಕೊಡುತ್ತದೆ. ಇದನ್ನು ಅಲ್ಲಗಳೆಯುವವರು ಬಡತನ ಕಂಡವರಲ್ಲ. ಆದರೆ ಮನಸ್ಸು ಹೊಸ ಸೌಕರ್ಯಕ್ಕೆ ಬಹುಬೇಗ ಒಗ್ಗಿಕೊಳ್ಳುತ್ತದೆ. ಅಮೆರಿಕದ ಮನೋವಿಜ್ಞಾನಿ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 22 ಲಾಟರಿ ವಿಜೇತರು ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಸುಖಿಗಳಾಗಿರಲಿಲ್ಲ. ಬೆಳಗಿನ ತಿಂಡಿ, ಗೆಳೆಯರೊಡನೆ ಮಾತುಕತೆಯಂಥ ಸಣ್ಣ ಸಂತೋಷಗಳು ಅವರಿಗೆ ಇನ್ನಷ್ಟು ಸಪ್ಪೆಯಾಗಿದ್ದವು. ಅಧ್ಯಯನ ಚಿಕ್ಕದು, ನಿಜ. ಆದರೂ ನಮ್ಮ ತೀರ್ಥಹಳ್ಳಿ ಕಡೆ ನೋಡಿ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಅಂಗಳಕ್ಕೆ ಕಾರು ಬರುತ್ತದೆ. ಮುಂದಿನ ಮಳೆಗಾಲಕ್ಕೆ ಕಾರು ಮಾಮೂಲು, ಅಡಿಕೆಗೆ ತಗಲುವ ಕೊಳೆರೋಗದ ಚಿಂತೆ ಮೊದಲಿನಷ್ಟೇ. ಬಿಡುವೂ ಹಾಗೆಯೇ. ತೋಟ ಗುತ್ತಿಗೆಗೆ ಕೊಟ್ಟು ಶಿವಮೊಗ್ಗ ಸೇರಿದ ಹಿರಿಯರಿಗೆ ಮಧ್ಯಾಹ್ನ ಕಳೆಯುವುದೇ ಕಷ್ಟ; ಸುಗ್ಗಿಗೆ ಊರಿಗೆ ಬಂದು ನಾಲ್ಕು ಜನರೊಡನೆ ಅಡಿಕೆ ಸುಲಿಯಲು ಕುಳಿತರೆ ಊಟಕ್ಕೆ ಕರೆದರೂ ಏಳುವುದಿಲ್ಲ.