ಗಡಿಯಾಚೆಯ ದುಡಿಮೆಗೆ ಕಾವಲು ಯಾರದು?

ಪ್ರಶ್ನೆ: ನೆರೆಮನೆಯ ಹುಡುಗ ಪೋಲೆಂಡಿನ ಕಂಪನಿಯ ಲಾರಿಯನ್ನು ಜರ್ಮನಿಯಲ್ಲಿ ಓಡಿಸುತ್ತಾನೆ. ಸಂಬಳ ಬಾಕಿಯಾದರೆ ಕೇಳುವವರು ಯಾರು? — ಓದುಗರು, ತೀರ್ಥಹಳ್ಳಿ

ಉತ್ತರ: ಐರೋಪ್ಯ ಒಕ್ಕೂಟವು 2019ರಲ್ಲಿ ಐರೋಪ್ಯ ಕಾರ್ಮಿಕ ಪ್ರಾಧಿಕಾರವನ್ನು ಸ್ಥಾಪಿಸಿತು, ಕಚೇರಿ ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿದೆ. ಅದು ಹಲವು ದೇಶಗಳ ತಪಾಸಣಾಧಿಕಾರಿಗಳನ್ನು ಒಂದುಗೂಡಿಸಿ ಜಂಟಿ ತಪಾಸಣೆ ಏರ್ಪಡಿಸಬಲ್ಲದು, ಆದರೆ ಆಯಾ ದೇಶಗಳು ಒಪ್ಪಿದರೆ ಮಾತ್ರ. ಕಾರ್ಮಿಕ ಸಂಘಗಳ ಮುಖ್ಯ ಆಕ್ಷೇಪವೇ ಇದು. ಸಂಘಗಳು ಪ್ರಕರಣಗಳನ್ನು ಪ್ರಾಧಿಕಾರದ ಗಮನಕ್ಕೆ ತರಬಹುದಾದರೂ, ಅದಕ್ಕೆ ಹೆಚ್ಚಿನ ಅಧಿಕಾರ ಬೇಕು, ಒಕ್ಕೂಟದ ಹೊರಗಿನಿಂದ ಬಂದ ದುಡಿಮೆಗಾರರಿಗೂ ರಕ್ಷಣೆ ಸಿಗಬೇಕು, ಉಪಗುತ್ತಿಗೆಯ ಸರಪಳಿಗೆ ಮಿತಿ ಇರಬೇಕು ಎಂದು ಅವು ಒತ್ತಾಯಿಸುತ್ತಿವೆ.

ಈ ಸರಪಳಿ ನಮಗೆ ಹೊಸದಲ್ಲ: ಅಡಿಕೆ ಸುಲಿದವರ ಕೂಲಿ ಬಾಕಿಯಾದರೆ ತೋಟದವರು ಫಸಲು ಗುತ್ತಿಗೆ ಹಿಡಿದ ಚೇಣಿದಾರರನ್ನು ತೋರಿಸುತ್ತಾರೆ, ಚೇಣಿದಾರರು ಮೇಸ್ತ್ರಿಯನ್ನು. 2023ರಲ್ಲಿ ಜರ್ಮನಿಯ ಗ್ರೇಫೆನ್‌ಹೌಸೆನ್ ಹೆದ್ದಾರಿ ತಂಗುದಾಣದಲ್ಲಿ, ಪೋಲೆಂಡಿನ ಕಂಪನಿಗೆ ದುಡಿಯುತ್ತಿದ್ದ ಜಾರ್ಜಿಯಾ, ಉಜ್ಬೇಕಿಸ್ತಾನಗಳ ಚಾಲಕರು ಲಾರಿ ನಿಲ್ಲಿಸಿ ವಾರಗಟ್ಟಲೆ ಅಲ್ಲೇ ಕುಳಿತು, ಸಂಘಗಳ ಬೆಂಬಲದಿಂದ ಬಾಕಿ ಸಂಬಳ ಪಡೆದರು. ನನ್ನ ದೃಷ್ಟಿಯಲ್ಲಿ ಸಂಘಗಳ ಬೇಡಿಕೆ ಪೂರ್ಣ ನ್ಯಾಯಯುತವಾದುದು. ಹುಡುಗನಿಗೆ ಕರಾರುಪತ್ರ, ಸಂಬಳದ ಚೀಟಿ, ಓಡಿಸಿದ ಗಂಟೆಗಳ ಲೆಕ್ಕವನ್ನು ಜೋಪಾನವಾಗಿಟ್ಟು, ಜರ್ಮನಿಯ ಕಾರ್ಮಿಕ ಸಂಘಗಳ ಸಲಹಾ ಕೇಂದ್ರವನ್ನು ಬೇಗ ಸಂಪರ್ಕಿಸಲು ಹೇಳಿ.