ದಸರಾ ರಜೆಗೆ ಆಗುಂಬೆ: ಮಳೆ ನಿಂತಿರುತ್ತದೆಯೇ?

ಪ್ರಶ್ನೆ: ದಸರಾ ರಜೆಯಲ್ಲಿ ಮಕ್ಕಳೊಂದಿಗೆ ಮೂರು ದಿನ ಆಗುಂಬೆಯ ಕಾಡು ನೋಡಿ ಬರಬೇಕೆಂದಿದ್ದೇವೆ. ಆ ಹೊತ್ತಿಗೆ ಮಳೆ ನಿಂತಿರುತ್ತದೆಯೇ? ಇಂಬಳಗಳ (ಕಾಡಿನ ಜಿಗಣೆಗಳ) ಭಯವೂ ಇದೆ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಪೂರ್ತಿ ನಿಂತಿರುವುದಿಲ್ಲ, ಆ ದಿನಗಳ ಸೊಗಸೇ ಅದರಲ್ಲಿದೆ ಎಂದು ನಾನು ನಂಬಿದ್ದೇನೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಊರಿನಲ್ಲಿ, ಜುಲೈ-ಆಗಸ್ಟ್ ತಿಂಗಳ ಜಡಿಮಳೆ ಇಳಿದ ಮೇಲೆ, ಬೆಳಿಗ್ಗೆ ಹೊಳವಾಗಿದ್ದು ಮಧ್ಯಾಹ್ನದ ನಂತರ ಗುಡುಗಿನೊಡನೆ ಮಳೆ ಬರುವುದುಂಟು. ಆದ್ದರಿಂದ ಕಾಡಿನ ನಡಿಗೆಯನ್ನು ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳಿ. ಬರ್ಕಣ, ಒನಕೆ ಅಬ್ಬಿ ಜಲಪಾತಗಳ ಕಡೆಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ವಿಚಾರಿಸಿಕೊಳ್ಳಿ. ಮಕ್ಕಳಿಗೆ ಕುಂದಾದ್ರಿ ಬೆಟ್ಟವೇ ಹಿತ. ಮೇಲಿನ ಜೈನ ಬಸದಿಯ ಬಳಿಯವರೆಗೂ ರಸ್ತೆಯಿದೆ.

ಇಂಬಳಗಳ ವಿಷಯದಲ್ಲಿ ಮಕ್ಕಳನ್ನು ಹೆದರಿಸಬೇಡಿ, ತೋರಿಸಿ. ತರಗೆಲೆಯ ಅಂಚಿನಲ್ಲಿ ದಾರದೆಳೆಯಂತೆ ಎದ್ದು ನಿಂತು, ನಮ್ಮ ಉಸಿರು ಮತ್ತು ಮೈಶಾಖದ ಜಾಡು ಹಿಡಿದು ಅತ್ತಿತ್ತ ತೂಗುವ ಆ ಜೀವಿಯನ್ನು ಒಮ್ಮೆ ಬಗ್ಗಿ ನೋಡಿದವರು ಮರೆಯಲಾರರು. ಪ್ಯಾಂಟಿನ ತುದಿಯನ್ನು ಉದ್ದನೆಯ ಕಾಲುಚೀಲದೊಳಗೆ ಸೇರಿಸಿ. ಕಚ್ಚಿದರೆ ಜಗ್ಗದೆ, ಬಾಯಿಯ ಬುಡಕ್ಕೆ ಉಗುರು ತೂರಿಸಿ ಮೆಲ್ಲಗೆ ಬಿಡಿಸಿ. ಅದರ ಜೊಲ್ಲು ರಕ್ತವನ್ನು ಹೆಪ್ಪುಗಟ್ಟಗೊಡದ ಕಾರಣ ಗಾಯ ತುಸು ಹೊತ್ತು ಒಸರುತ್ತದೆ. ಸೋಪಿನಿಂದ ತೊಳೆದು ಬಟ್ಟೆ ಒತ್ತಿ ಹಿಡಿದರೆ ಸಾಕು.

ಜೋಗಿಗುಂಡಿ ಜಲಪಾತದ ಬಳಿ ಮಕ್ಕಳನ್ನು ನೀರಿಗಿಳಿಸಲೇಬೇಡಿ. ಘಟ್ಟದ ಬುಡದಲ್ಲಿರುವ ಸೋಮೇಶ್ವರದ ಕಡೆಗೆ ಘಟ್ಟ ಇಳಿಯುವುದಿದ್ದರೆ, ಮಂಜು ಕವಿಯುವ ಮುನ್ನ, ಹಗಲಿನಲ್ಲೇ ಇಳಿಯಿರಿ.